ಬಣ್ಣಕ್ಕೂ ಮೊದಲು ಏಳು ಸ್ನಾನ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕಾಲೇಜು ಶುರುವಾಗುವ ಹೊತ್ತಿಗೆ ಜಿಟಿಜಿಟಿ ಮಳೆಯೂ ಹಿಡಿದಿರುತ್ತದೆ, ಮಂಚಗಳ ಸಾಗಾಟವೂ ನಡೆದಿರುತ್ತದೆ. 1947ರಲ್ಲಿ ಹುಟ್ಟಿದ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಅದರ ಆಚೀಚೆ, ಕಿಮ್ಸ್ ಆಸ್ಪತ್ರೆಯ ಹಿಂದುಮುಂದು, ಉಣಕಲ್ ಕೆರೆಯ ಕಡೆಗೆ ಹೋಗುವ ಅಡ್ಡರಸ್ತೆಗಳಲ್ಲಿ ಪಿ.ಜಿ., ಹಾಸ್ಟೆಲ್, ಬಾಡಿಗೆ ಕೋಣೆಗಳದೇ ರಾಜ್ಯ. ಟಂಟಂ ಮೇಲೆ ಹಗ್ಗ ಬಿಗಿದು ತಂದ ಕಬ್ಬಿಣದ ಮಂಚಗಳು ಅಲ್ಲಿ ಇಳಿಯುತ್ತವೆ: ಬೂದು, ಕಂದು, ಕಪ್ಪು. ಎಲ್ಲವೂ ನುಣುಪು, ಎಲ್ಲವೂ ಹೊಸತು.

ಎರಡು ಮಳೆಗಾಲ ಕಳೆಯಲಿ, ಬೇರೆಯೇ ಚಿತ್ರ. ಕೆಲವು ಮಂಚಗಳ ಕಾಲು ಕೂಡುವ ಮೂಲೆಯಲ್ಲಿ ಬಣ್ಣ ಉಬ್ಬಿರುತ್ತದೆ. ಉಗುರು ಹಾಕಿದರೆ ಹಾಳೆಯಂತೆ ಎದ್ದು ಬರುತ್ತದೆ, ಅಡಿಯಲ್ಲಿ ಕೆಂಪು ತುಕ್ಕು. ಪಕ್ಕದ ಕಟ್ಟಡದ, ಅದೇ ಬಣ್ಣದ, ಬಹುಶಃ ಅದೇ ಡಬ್ಬಿಯ ಪೌಡರ್ ಹೊಡೆದ ಮಂಚ ಮೂರು ಬ್ಯಾಚಿನ ಹುಡುಗರನ್ನು ಹೊತ್ತರೂ ಜಪ್ಪೆನ್ನುವುದಿಲ್ಲ. ಎರಡೂ ‘ಪೌಡರ್ ಕೋಟಿಂಗ್’ ಎಂದೇ ಬಿಲ್ ಆದವು. ವ್ಯತ್ಯಾಸ ಬಣ್ಣದಲ್ಲಿಲ್ಲ. ಬಣ್ಣ ಬೀಳುವ ಮೊದಲೇ ಒಂದರ ಹಣೆಬರಹ ಕೆಟ್ಟಿರುತ್ತದೆ.

ಈ ಹಣೆಬರಹ ಬರೆಯುವ ಜಾಗ ವಿದ್ಯಾನಗರದಿಂದ ದೂರವಿಲ್ಲ. ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶ, ಊರಾಚೆಯ ತಾರಿಹಾಳ, ಧಾರವಾಡದ ದಾರಿಯಲ್ಲಿ ರಾಯಾಪುರ, ಅದರಾಚೆ ಬೇಲೂರು. ವಾಲ್ವ್, ಮೋಟಾರು, ಬಸ್ಸಿನ ಬಾಡಿ, ವಿದ್ಯುತ್ ಪ್ಯಾನೆಲ್ಲು ಎಂದು ಹೆಸರು ಮಾಡಿದ ಪಟ್ಟಿ ಇದು. ದೊಡ್ಡ ಕಾರ್ಖಾನೆಗಳ ಫಲಕ ರಸ್ತೆಯಿಂದಲೇ ಕಾಣುತ್ತದೆ. ಅವುಗಳ ಬೆನ್ನಿಗೆ ಶೆಡ್ ಹಾಕಿಕೊಂಡು ಜಾಬ್ ವರ್ಕ್ ಮಾಡುವವರ ಹೆಸರು ಮಾತ್ರ ಯಾವ ವಸ್ತುವಿನ ಮೇಲೂ ಇರುವುದಿಲ್ಲ. ಗೇಟು, ಗ್ರಿಲ್, ಮಂಚ, ಕಿಟಕಿಯ ಅಲ್ಯೂಮಿನಿಯಂ, ಎಂಸಿಬಿ ಡಬ್ಬಿ, ಜಿಮ್ಮಿನ ಸಾಮಾನು, ಎಲ್ಲ ಅವರ ಕೈದಾಟಿ ನಮ್ಮ ಮನೆಗೆ ಬರುತ್ತವೆ.

ಮೊದಲು ಪೌಡರ್ ಎಂದರೇನು ನೋಡೋಣ. ನಾವು ಡಬ್ಬಿಯಲ್ಲಿ ಕೊಳ್ಳುವ ಎನಾಮೆಲ್ ಪೇಂಟಿನಲ್ಲಿ ರಾಳ ಮತ್ತು ಬಣ್ಣವನ್ನು ಥಿನ್ನರಿನಲ್ಲಿ ಬೆರೆಸಿರುತ್ತಾರೆ. ಬಳಿದ ಮೇಲೆ ಥಿನ್ನರ್ ಆವಿಯಾಗಿ ಗಾಳಿಗೆ ಸೇರುತ್ತದೆ, ನಮ್ಮ ಮೂಗಿಗೂ. ಪೌಡರಿನಲ್ಲಿ ಆ ದ್ರವವೇ ಇಲ್ಲ. ರಾಳ, ಗಟ್ಟಿಕಾರಕ, ಬಣ್ಣದ ಪುಡಿ, ಇವನ್ನು ಬಿಸಿಯಲ್ಲಿ ಕಲಸಿ, ತೆಳ್ಳಗೆ ಒತ್ತಿ, ತಣಿಸಿ, ಪುಡಿ ಮಾಡಿರುತ್ತಾರೆ. ಒಂದು ಕಣ ಸರಾಸರಿ 35–40 ಮೈಕ್ರಾನ್. ಮನೆಯೊಳಗಿನ ವಸ್ತುವಿಗೆ ಎಪಾಕ್ಸಿ ಅಥವಾ ಎಪಾಕ್ಸಿ-ಪಾಲಿಯೆಸ್ಟರ್ ಬೆರಕೆ ನಡೆಯುತ್ತದೆ. ಬಿಸಿಲಿಗೆ ನಿಲ್ಲುವ ಗೇಟಿಗೆ ಶುದ್ಧ ಪಾಲಿಯೆಸ್ಟರ್ ಬೇಕು. ಎಪಾಕ್ಸಿ ಬಿಸಿಲು ತಡೆಯದು, ಕೆಲವೇ ತಿಂಗಳಲ್ಲಿ ಸುಣ್ಣದಂತೆ ಬೆಳ್ಳಗೆ ಪುಡಿ ಬಿಡತೊಡಗುತ್ತದೆ. ಬಾಲ್ಕನಿಯ ಗ್ರಿಲ್ ಮುಟ್ಟಿದರೆ ಕೈಗೆ ಬಣ್ಣ ಹತ್ತುತ್ತಿದೆಯೆಂದರೆ ಒಳಗಿನ ಪೌಡರನ್ನು ಹೊರಗಿನ ಕೆಲಸಕ್ಕೆ ಹೊಡೆದಿದ್ದಾರೆಂದು ಸಂಶಯಪಡಬಹುದು.

ಈ ವಿದ್ಯೆಗೆ ಇನ್ನೂ ನೂರು ವರ್ಷ ತುಂಬಿಲ್ಲ. 1950ರ ದಶಕದ ಆರಂಭದಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್, ಗಾಳಿಯಿಂದ ತೇಲುವಂತೆ ಮಾಡಿದ ಪ್ಲಾಸ್ಟಿಕ್ ಪುಡಿಯೊಳಗೆ ಕಾದ ಲೋಹವನ್ನು ಅದ್ದಿ ಲೇಪನ ಮಾಡುವ ಕ್ರಮ ಕಂಡುಹಿಡಿದ. 1960ರ ದಶಕದಲ್ಲಿ ವಿದ್ಯುದಾವೇಶ ಕೊಟ್ಟು ಪುಡಿಯನ್ನು ಚಿಮ್ಮಿಸುವ ಗನ್ ಬಂತು. ಅದೇ ಹೊತ್ತಿಗೆ, 1966ರಲ್ಲಿ, ಲಾಸ್ ಏಂಜಲೀಸ್ ತನ್ನ ಹೊಗೆಮಂಜಿನ ಕಾಟಕ್ಕೆ ಬೇಸತ್ತು ಥಿನ್ನರುಗಳಿಗೆ ಕಡಿವಾಣ ಹಾಕುವ ‘ರೂಲ್ 66’ ತಂದಿತು. ಆವಿಯಾಗುವುದೇ ಇಲ್ಲದ ಬಣ್ಣಕ್ಕೆ ಆಗ ಬೆಲೆ ಬಂತು. ಗನ್ನಿನಿಂದ ಹೊರಬಿದ್ದು ವಸ್ತುವಿಗೆ ಹತ್ತದ ಪುಡಿಯನ್ನು ಹೀರಿ, ಜರಡಿ ಹಿಡಿದು ಮತ್ತೆ ಹೊಡೆಯಬಹುದು. ಒದ್ದೆ ಬಣ್ಣಕ್ಕೆ ಆ ಭಾಗ್ಯವಿಲ್ಲ.

ಇನ್ನು ಸ್ನಾನದ ಮಾತು. ಅಂಗಡಿಗೆ ಬಂದ ಮಂಚದ ಪೈಪು ನೋಡಲು ಸ್ವಚ್ಛವಾಗಿಯೇ ಇರುತ್ತದೆ. ಆದರೆ ಅದರ ಮೇಲೆ ಮಿಲ್ಲಿನಿಂದ ಬಂದ ಎಣ್ಣೆ, ವೆಲ್ಡಿಂಗಿನ ಕಿಟ್ಟ, ಕೈಯ ಬೆವರು, ಗೋದಾಮಿನಲ್ಲಿ ಹಿಡಿದ ಸಣ್ಣ ತುಕ್ಕು ಎಲ್ಲ ಇರುತ್ತವೆ. ಇವುಗಳ ಮೇಲೆ ಬಣ್ಣ ಕೂತರೆ ಬಣ್ಣ ಲೋಹಕ್ಕಲ್ಲ, ಕೊಳೆಗೆ ಅಂಟಿದ ಹಾಗೆ. ಅದಕ್ಕೇ ಸಾಲಾಗಿ ಟ್ಯಾಂಕುಗಳು. ಕ್ಷಾರದಲ್ಲಿ ಎಣ್ಣೆ ತೆಗೆಯುವುದು, ನೀರಿನಲ್ಲಿ ತೊಳೆಯುವುದು, ಆಮ್ಲದಲ್ಲಿ ತುಕ್ಕು ತೆಗೆಯುವುದು, ಮತ್ತೆ ನೀರು, ಆಮೇಲೆ ಫಾಸ್ಫೇಟಿಂಗ್, ಮತ್ತೆ ನೀರು, ಕೊನೆಗೆ ಫಾಸ್ಫೇಟನ್ನು ಭದ್ರಪಡಿಸುವ ಪ್ಯಾಸಿವೇಶನ್. ಅಂಗಡಿಯಿಂದ ಅಂಗಡಿಗೆ ಒಂದೆರಡು ಹೆಚ್ಚುಕಮ್ಮಿ, ಆದರೂ ಈ ಕಸುಬಿನಲ್ಲಿ ‘ಸೆವೆನ್ ಟ್ಯಾಂಕ್’ ಎಂದೇ ಹೆಸರು.

ಇವುಗಳಲ್ಲಿ ಫಾಸ್ಫೇಟಿಂಗ್ ಟ್ಯಾಂಕೇ ಜೀವಾಳ. ಕಬ್ಬಿಣದ ಮೈ ಇಲ್ಲಿ ದ್ರಾವಣದೊಂದಿಗೆ ವರ್ತಿಸಿ ಬೂದು ಬಣ್ಣದ ಸಣ್ಣ ಹರಳುಗಳ ಪದರವಾಗುತ್ತದೆ. ಮೇಲಿನಿಂದ ಬಳಿದ ಪದರವಲ್ಲ ಅದು, ಲೋಹವೇ ಮಾರ್ಪಟ್ಟಿದ್ದು. ಆ ಹರಳುಗಳ ಸಂದಿನಲ್ಲಿ ಬಣ್ಣ ಬೇರು ಬಿಡುತ್ತದೆ. ಮುಂದೆಂದೋ ಬಣ್ಣದ ಮೇಲೆ ಗೀರು ಬಿದ್ದರೂ ತುಕ್ಕು ಬಹುಮಟ್ಟಿಗೆ ಗೀರಿನಲ್ಲೇ ನಿಲ್ಲುತ್ತದೆ, ಒಳಗೊಳಗೇ ಬೇಗ ಹಬ್ಬುವುದಿಲ್ಲ. ಥಾಮಸ್ ವಾಟ್ಸ್ ಕಾಸ್ಲೆಟ್ ಎಂಬ ಇಂಗ್ಲೆಂಡಿನವ ಇದಕ್ಕೆ 1906ರಲ್ಲೇ ಪೇಟೆಂಟ್ ಪಡೆದಿದ್ದ. ಪೌಡರ್ ಹುಟ್ಟುವ ಅರ್ಧ ಶತಮಾನ ಮೊದಲೇ ಅದು ನಿಲ್ಲಬೇಕಾದ ನೆಲ ತಯಾರಾಗಿತ್ತು.

ಈ ಟ್ಯಾಂಕುಗಳು ದುಬಾರಿ. ರಾಸಾಯನಿಕದ ಖರ್ಚಿದೆ, ಬಿಸಿ ಮಾಡುವ ಖರ್ಚಿದೆ, ನೀರು ಬದಲಿಸಬೇಕು, ದ್ರಾವಣದ ತೀಕ್ಷ್ಣತೆಯನ್ನು ದಿನವೂ ಅಳೆಯಬೇಕು. ತಳದಲ್ಲಿ ಕೂರುವ ಫಾಸ್ಫೇಟ್ ರಾಡಿಯನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರವೇ ವಿಲೇವಾರಿ ಮಾಡಬೇಕು, ಗಟಾರಕ್ಕೆ ಬಿಡುವಂತಿಲ್ಲ. ಇಷ್ಟೆಲ್ಲ ಮಾಡುವವನು ಚದರಡಿಗೆ ಹೇಳುವ ದರವನ್ನು ಏನೂ ಮಾಡದವನ ದರದ ಜತೆ ಹೋಲಿಸಿ ನಾವು ಚೌಕಾಸಿ ಮಾಡುತ್ತೇವೆ. ಏನೂ ಮಾಡದವನ ಬಳಿ ‘ತ್ರೀ ಇನ್ ಒನ್’ ಎಂಬ ದ್ರಾವಣ ಇರುತ್ತದೆ. ಬಟ್ಟೆಯಲ್ಲಿ ಅದ್ದಿ ಪೈಪಿನ ಮೇಲೆ ಒಮ್ಮೆ ಒರೆಸಿದರೆ ಎಣ್ಣೆ, ತುಕ್ಕು, ಫಾಸ್ಫೇಟು ಮೂರೂ ಆಯಿತು ಎಂಬ ಲೆಕ್ಕ. ಡೆಲಿವರಿ ದಿನ ಎರಡೂ ಒಂದೇ ಥರ ಹೊಳೆಯುತ್ತವೆ. ಚೌಕಾಸಿಯಲ್ಲಿ ಉಳಿದ ದುಡ್ಡು ಎರಡನೆಯ ಮಳೆಗಾಲಕ್ಕೆ ತುಕ್ಕಾಗಿ ಹೊರಬರುತ್ತದೆ. ನನ್ನನ್ನು ಕೇಳಿದರೆ ಈ ಕಸುಬಿನ ದೊಡ್ಡ ಅನ್ಯಾಯ ಇದೇ. ಗನ್ ಹಿಡಿದವನಿಗೆ ಪೇಂಟರ್ ಎಂಬ ಹೆಸರಿದೆ, ಆಮ್ಲದ ಹಬೆಯಲ್ಲಿ ನಿಂತು ಬಣ್ಣಕ್ಕೆ ಆಯುಷ್ಯ ಕೊಡುವವನು ಹೆಲ್ಪರ್!

ತೊಳೆದದ್ದು ಪೂರ್ತಿ ಒಣಗಬೇಕು. ನಮ್ಮ ಕಡೆಯ ಮಳೆಗಾಲದ ತೇವದಲ್ಲಿ ಇದೂ ಸುಲಭವಲ್ಲ. ತೊಳೆದ ಕಬ್ಬಿಣವನ್ನು ಹೊರಗೆ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಹೊಸ ತುಕ್ಕು ಮೂಡುತ್ತದೆ. ತೇವ ಹೀರಿದ ಪೌಡರ್ ಗಂಟು ಕಟ್ಟಿ ಗನ್ನಿನ ಬಾಯಲ್ಲಿ ಉಗುಳಿದಂತೆ ಬೀಳುತ್ತದೆ.

ಗನ್ನಿನ ತುದಿಯಲ್ಲಿ ಹೆಚ್ಚೆಂದರೆ 1 ಲಕ್ಷ ವೋಲ್ಟ್‌ವರೆಗಿನ ಒತ್ತಡ ಇರುತ್ತದೆ, ಕರೆಂಟು ಮಾತ್ರ ಮೈಕ್ರೊ ಆಂಪಿಯರ್‌ಗಳಲ್ಲಿ. ಅಲ್ಲಿಂದ ಹೊರಟ ಕಣ ಆವೇಶ ಹೊತ್ತು, ಅರ್ಥಿಂಗ್ ಆದ ಲೋಹವನ್ನು ಹುಡುಕಿಕೊಂಡು ಹೋಗಿ ಕೂರುತ್ತದೆ. ಪೈಪಿನ ಮುಂದೆ ನಿಂತು ಹೊಡೆದರೂ ಹಿಂದಕ್ಕೆ ಸುತ್ತಿ ಹತ್ತುವುದನ್ನು ನೋಡುವುದೇ ಒಂದು ಸೊಗಸು. ಆದರೆ ಇದಕ್ಕೊಂದು ಹಟವೂ ಇದೆ. ವಿದ್ಯುತ್ ಕ್ಷೇತ್ರದ ಗೆರೆಗಳು ಅಂಚಿಗೆ, ಚೂಪಿಗೆ ಓಡುತ್ತವೆ, ಒಳಮೂಲೆಗೆ ಇಳಿಯುವುದಿಲ್ಲ. ಮಂಚದ ಕಾಲು ಮತ್ತು ಅಡ್ಡಪಟ್ಟಿ ಕೂಡುವ ಒಳಮೂಲೆಯಲ್ಲಿ ಪೌಡರ್ ತೆಳ್ಳಗೇ ಕೂರುತ್ತದೆ. ಫ್ಯಾರಡೆ ಪಂಜರ ಎನ್ನುವುದು ಇದನ್ನೇ. ಅನುಭವಿ ಪೇಂಟರ್ ಮೊದಲು ಮೂಲೆಗಳಿಗೆ ವೋಲ್ಟೇಜು ಇಳಿಸಿ ಹೊಡೆದು ಆಮೇಲೆ ಸಪಾಟು ಭಾಗಕ್ಕೆ ಬರುತ್ತಾನೆ. ಅವಸರದವನು ಸಪಾಟನ್ನೇ ಮಿರಿಮಿರಿ ಮಾಡಿ ಮುಗಿಸುತ್ತಾನೆ. ಮಂಚದ ತುಕ್ಕು ಯಾವಾಗಲೂ ಮೂಲೆಯಿಂದಲೇ ಯಾಕೆ ಏಳುತ್ತದೆ ಎಂದರೆ ಇದೂ ಒಂದು ಕಾರಣ.

ಇನ್ನೊಂದು ಸಣ್ಣ ವಿಷಯ, ತೂಗುಹಾಕುವ ಹುಕ್ಕು. ಅದರ ಮೇಲೂ ದಿನಾ ಬಣ್ಣ ಕೂತು ಕೂತು ದಪ್ಪ ಪದರವಾಗುತ್ತದೆ. ಬಣ್ಣ ವಿದ್ಯುತ್ತನ್ನು ಹರಿಯಗೊಡದು. ಹುಕ್ಕನ್ನು ಸುಟ್ಟೋ ಕೆರೆದೋ ಸ್ವಚ್ಛ ಮಾಡದಿದ್ದರೆ ವಸ್ತುವಿಗೆ ಅರ್ಥಿಂಗ್ ಸಿಗದು, ಪೌಡರ್ ಹತ್ತದು. ಅಷ್ಟೇ ಆದರೆ ಚಿಂತೆಯಿರಲಿಲ್ಲ. ಗಾಳಿಯಲ್ಲಿ ತೇಲುವ ಪೌಡರ್ ಹೊತ್ತಿಕೊಳ್ಳಬಲ್ಲ ಧೂಳು. ಅರ್ಥಿಂಗ್ ಇಲ್ಲದ ಕಡೆ ಆವೇಶ ಸಂಗ್ರಹವಾಗಿ ಕಿಡಿ ಹಾರಿದರೆ ಬಣ್ಣ ಹೊಡೆಯುವ ಬೂತಿನೊಳಗೆ ಬೆಂಕಿ ಬೀಳಬಹುದು. ಎಕ್ಸಾಸ್ಟ್ ಫ್ಯಾನ್ ಬಂದ್ ಮಾಡಿ ಗನ್ ಹೊಡೆಯಬಾರದು ಎನ್ನುವುದು ಇದಕ್ಕೇ.

ಈಗ ಓವನ್. ಕೋಣೆಯಷ್ಟು ದೊಡ್ಡ ಪೆಟ್ಟಿಗೆ, ಡೀಸೆಲ್ ಅಥವಾ ಗ್ಯಾಸ್ ಬರ್ನರ್, ಇಲ್ಲವೇ ವಿದ್ಯುತ್ ಹೀಟರ್. ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್, 10ರಿಂದ 15 ನಿಮಿಷ. ಪುಡಿ ಮೊದಲು ಕರಗುತ್ತದೆ, ಹರಿದು ಸಮತಟ್ಟಾಗುತ್ತದೆ, ಆಮೇಲೆ ಅದರ ಅಣುಸರಪಳಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಒಮ್ಮೆ ಬೆಂದ ರೊಟ್ಟಿಯನ್ನು ಮತ್ತೆ ಹಿಟ್ಟು ಮಾಡಲಾಗದಂತೆ ಇದೂ ಮತ್ತೆ ಕರಗುವುದಿಲ್ಲ. ಉಳಿಯುವ ದಪ್ಪ 60ರಿಂದ 80 ಮೈಕ್ರಾನ್, ಹೆಚ್ಚುಕಮ್ಮಿ ಒಂದು ತಲೆಗೂದಲಿನಷ್ಟು.

ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. 200 ಡಿಗ್ರಿ ಎಂದರೆ ಲೋಹದ ಬಿಸಿ, ಓವನ್ನಿನ ಬಾಗಿಲ ಮೇಲಿನ ಮೀಟರ್ ತೋರಿಸುವ ಗಾಳಿಯ ಬಿಸಿಯಲ್ಲ. 1 ಮಿಲಿಮೀಟರ್ ತಗಡಿನ ಪ್ಯಾನೆಲ್ ಡಬ್ಬಿ ಬೇಗ ಕಾಯುತ್ತದೆ, 10 ಮಿಲಿಮೀಟರ್ ದಪ್ಪದ ಫ್ಲಾಂಜ್ ಇನ್ನೂ ತಣ್ಣಗಿರುತ್ತದೆ. ಎರಡನ್ನೂ ಒಂದೇ ಟ್ರಾಲಿಯಲ್ಲಿ ಹಾಕಿ ಒಂದೇ ಹೊತ್ತಿಗೆ ತೆಗೆದರೆ ಒಂದು ಬೆಂದಿದೆ, ಇನ್ನೊಂದು ಹಸಿಯಾಗಿದೆ. ಹಸಿ ಬಣ್ಣವೂ ಹೊಳೆಯುತ್ತದೆ, ಅದೇ ಮೋಸ. ಬಡಿದರೆ ಚಕ್ಕೆ ಹಾರುತ್ತದೆ, ದ್ರಾವಕದಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿದರೆ ಬಣ್ಣ ಹತ್ತಿಗೆ ಬರುತ್ತದೆ. ನಡುವೆ ಕರೆಂಟ್ ಹೋಗಿ ಗಾಳಿ ತಿರುಗಿಸುವ ಬ್ಲೋವರ್ ನಿಂತರೆ ಒಂದು ಮೂಲೆ ಕಂದು, ಇನ್ನೊಂದು ಮೂಲೆ ಬಿಳಚು.

ಬಣ್ಣದ ಹೆಸರುಗಳೂ ಮಜವಾಗಿವೆ. ಜರ್ಮನಿಯಲ್ಲಿ 1927ರಲ್ಲಿ 40 ಬಣ್ಣಗಳಿಂದ ಶುರುವಾದ ರಾಲ್ ಪಟ್ಟಿಯೇ ಇಲ್ಲಿಯೂ ನಡೆಯುತ್ತದೆ. ಪ್ಯಾನೆಲ್ ಬೋರ್ಡಿನ ತಿಳಿಬೂದು ಎಂದರೆ 7035, ಹಳಬರು ಕೇಳುವ ‘ಸೀಮೆನ್ಸ್ ಗ್ರೇ’ ಎಂದರೆ 7032. ಹುಬ್ಬಳ್ಳಿಗೆ ಬಣ್ಣದ ಶಿಸ್ತು ಹೊಸದಲ್ಲ ಬಿಡಿ. ವಿದ್ಯಾನಗರದಿಂದ ಹೆಚ್ಚು ದೂರವಿಲ್ಲದ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ರಾಷ್ಟ್ರಧ್ವಜ ಹೊಲಿಯುವುದೂ ಒಂದು ಮಾನಕದ ಪ್ರಕಾರವೇ. ಐಎಸ್ 1 ಎಂಬ ಆ ಮಾನಕಕ್ಕೆ ಬಣ್ಣ ತಾಳೆಯಾಗದಿದ್ದರೆ ಧ್ವಜ ತಿರಸ್ಕೃತ. ಮಂಚಕ್ಕೆ ಅಷ್ಟು ಕಟ್ಟುನಿಟ್ಟು ಬೇಡ ನಿಜ, ಅದರ ಹತ್ತನೇ ಒಂದು ಪಾಲು ಇದ್ದರೂ ಸಾಕಿತ್ತು.

ಎರಕದ ವಸ್ತು ಬಂದಾಗ ಪೇಂಟರಿಗೆ ಹೊಸ ತಲೆನೋವು. ಬೆಳಗಾವಿಯ ಉದ್ಯಮಬಾಗ ಫೌಂಡ್ರಿಗಳಿಗೆ ಹೆಸರುವಾಸಿ, ಹುಬ್ಬಳ್ಳಿ ವಾಲ್ವುಗಳಿಗೆ. ಎರಕದ ಲೋಹ ಕಣ್ಣಿಗೆ ಗಟ್ಟಿ, ಒಳಗೆ ಸೂಕ್ಷ್ಮ ರಂಧ್ರಗಳು. ಅವುಗಳಲ್ಲಿ ಸಿಕ್ಕಿಕೊಂಡ ಗಾಳಿ, ತೇವ ಓವನ್ನಿನಲ್ಲಿ ಹಿಗ್ಗಿ ಕರಗಿದ ಬಣ್ಣವನ್ನು ತೂರಿಕೊಂಡು ಹೊರಬರುತ್ತದೆ. ಮೇಲೆ ಸೂಜಿ ಚುಚ್ಚಿದಂಥ ತೂತುಗಳು, ಗುಳ್ಳೆಗಳು. ಬಣ್ಣ ಹೊಡೆಯುವ ಮೊದಲೇ ಖಾಲಿ ಎರಕವನ್ನು ಓವನ್ನಿನಲ್ಲಿ ಕಾಯಿಸಿ ಆ ಗಾಳಿಯನ್ನು ಹೊರಹಾಕುವುದು ಇದಕ್ಕೆ ಪರಿಹಾರ. ಡೀಸೆಲ್ ಎರಡು ಸಲ ಉರಿಯಬೇಕು, ಗಿರಾಕಿ ಒಂದೇ ಸಲದ ದುಡ್ಡು ಕೊಡುತ್ತಾನೆ.

ಎರಕ ಮತ್ತು ಪೌಡರ್ ಕೂಡಿದ ವಿಚಿತ್ರ ಹವ್ಯಾಸವೊಂದು ಅಮೆರಿಕದಲ್ಲಿದೆ. ಅಲ್ಲಿ ಗುರಿಕಾರರು ಕೆಲವರು ಬಂದೂಕಿನ ಸೀಸದ ಗುಂಡುಗಳನ್ನು ಮನೆಯಲ್ಲೇ ಎರಕ ಹೊಯ್ದು, ಅವಕ್ಕೆ ಕೆಂಪು, ನೀಲಿ, ಹಸಿರು ಪೌಡರ್ ಹಚ್ಚಿ ಹಳೆಯ ಸಣ್ಣ ಓವನ್ನಿನಲ್ಲಿ ಬೇಯಿಸುತ್ತಾರೆ. ಹಿಂದೆ ಮೇಣ, ಗ್ರೀಸು ಸವರುತ್ತಿದ್ದ ಜಾಗಕ್ಕೆ ಈಗ ಬಣ್ಣ ಬಂದಿದೆ. ಮೆತ್ತನೆಯ ಸೀಸ ನಳಿಗೆಯ ಒಳಮೈಗೆ ಅಂಟಿಕೊಳ್ಳದಿರಲಿ ಎಂಬುದು ಉದ್ದೇಶ. ಸೀಸ ಕರಗುವುದು 327 ಡಿಗ್ರಿಯಲ್ಲಿ, ಪೌಡರ್ ಬೇಯುವುದು 200ರೊಳಗೆ. ಹಾಗಾಗಿ ಲೋಹದ ಆಕಾರ ಕೆಡುವುದಿಲ್ಲ.

ನಮ್ಮಲ್ಲಿ ಇದು ಹವ್ಯಾಸವಾಗಲಾರದು, ಅಪರಾಧವಾದೀತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಮನೆಯಲ್ಲಿ ಬಂದೂಕಿಗೆ ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಗುಂಡು ಎರಕ ಹೊಯ್ಯುವ ಹಕ್ಕು ಬರುವುದಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೂ ಕೋವಿ ಇಟ್ಟುಕೊಳ್ಳುವ, ಒಯ್ಯುವ ವಿನಾಯಿತಿಯೇ ಹೊರತು ಗುಂಡು ತಯಾರಿಸುವುದಲ್ಲ.

     

ಕಾನೂನು ಪಕ್ಕಕ್ಕಿಟ್ಟರೂ ಸೀಸ ಸುಮ್ಮನಿರುವ ಲೋಹವಲ್ಲ. ಕರಗಿಸುವಾಗಿನ ಹಬೆ, ಮೇಲೆ ಕಟ್ಟುವ ಕಿಟ್ಟ, ಕೈಗೆ ಹತ್ತುವ ಧೂಳು, ಎಲ್ಲ ಮೈಗೆ ಸೇರಿ ಮೂಳೆಯಲ್ಲಿ ವರ್ಷಗಟ್ಟಲೆ ಕೂರುತ್ತವೆ. ಮಕ್ಕಳ ಮೆದುಳಿಗೆ ಅದರಷ್ಟು ಕೆಟ್ಟದ್ದು ಕಡಿಮೆ. ಬೆಂಗಳೂರಿನ ಸಂಶೋಧಕ ತುಪ್ಪಿಲ್ ವೆಂಕಟೇಶ್ ಮತ್ತು ಸಂಗಡಿಗರು 1990ರ ದಶಕದ ಕೊನೆಗೆ ದೇಶದ ದೊಡ್ಡ ನಗರಗಳಲ್ಲಿ ರಕ್ತಪರೀಕ್ಷೆ ಮಾಡಿದಾಗ ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಸೀಸ ಮಿತಿಮೀರಿತ್ತು. 2000ನೇ ಇಸವಿಯಲ್ಲಿ ಪೆಟ್ರೋಲಿನಿಂದ ಸೀಸ ಹೊರಹೋಯಿತು. ಬಣ್ಣದಿಂದ ಹೊರಹಾಕಲು ಇನ್ನಷ್ಟು ಕಾಲ ಹಿಡಿಯಿತು. 2016ರ ನಿಯಮದಂತೆ 2017ರ ನವೆಂಬರಿನಿಂದ ಮನೆಬಳಕೆಯ ಮತ್ತು ಅಲಂಕಾರದ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟುವಂತಿಲ್ಲ. ನಿಯಮದ ಹೆಸರನ್ನು ಗಮನಿಸಿ: ಮನೆಬಳಕೆ, ಅಲಂಕಾರ. ಕಾರ್ಖಾನೆಗಳ ಬಣ್ಣ ಅದರ ವ್ಯಾಪ್ತಿಗೆ ಬರುವುದಿಲ್ಲ. ಹಳದಿ, ಕಿತ್ತಳೆಯ ಢಾಳಾದ ಛಾಯೆಗಳಿಗೆ ಸೀಸದ ಕ್ರೋಮೇಟ್ ಬಳಸುವ ಹಳೆಯ ರೂಢಿ ಇರುವುದರಿಂದ ಮಕ್ಕಳ ಮಂಚ, ಆಟದ ಜೋಕಾಲಿಗೆ ಪೌಡರ್ ಆರಿಸುವಾಗ ಸೀಸರಹಿತ ಎಂದು ಬರೆದ ಪ್ರಮಾಣಪತ್ರ ಕೇಳುವುದು ನಿಮ್ಮ ಹಕ್ಕು.

ಮಂಚವೋ ಗೇಟೋ ಮಾಡಿಸುವವರು ಇನ್ನೂ ಕೆಲವನ್ನು ಕೇಳಬಹುದು. ಟ್ಯಾಂಕ್ ಇದೆಯೇ, ಇದ್ದರೆ ತೋರಿಸಿ. ಬಣ್ಣ ಬೀಳುವ ಮೊದಲು ಒಂದು ತುಂಡು ನೋಡಲು ಬರುತ್ತೇನೆ ಎನ್ನಿ. ಕಬ್ಬಿಣ ಮಾಸಲು ಬೂದು ಬಣ್ಣಕ್ಕೆ ತಿರುಗಿದ್ದರೆ ಫಾಸ್ಫೇಟ್ ಆಗಿದೆ, ಬೆಳ್ಳಗೆ ಮಿರುಗುತ್ತಿದ್ದರೆ ಆಗಿಲ್ಲ. ಮಂಚದ ಜತೆಗೇ ಒಂದು ಚೂರು ತಗಡಿಗೂ ಬಣ್ಣ ಹೊಡೆಸಿಕೊಳ್ಳಿ. ಅದರ ಮೇಲೆ ಬ್ಲೇಡಿನಿಂದ ಸಣ್ಣ ಸಣ್ಣ ಚೌಕ ಗೀರಿ, ಟೇಪ್ ಅಂಟಿಸಿ ಕಿತ್ತರೆ ಒಂದು ಚೌಕವೂ ಟೇಪಿಗೆ ಬರಬಾರದು. ದಪ್ಪ ಅಳೆಯುವ ಸಣ್ಣ ಮೀಟರ್ ಒಳ್ಳೆಯ ಅಂಗಡಿಗಳಲ್ಲೆಲ್ಲ ಇರುತ್ತದೆ, ಒಳಮೂಲೆಗಳಲ್ಲಿ ಇಟ್ಟು ತೋರಿಸಲು ಹೇಳಿ. ಇಷ್ಟು ಕೇಳಿದರೆ ದರ ಸ್ವಲ್ಪ ಏರುತ್ತದೆ. ಕೊಡಿ. ಆ ಹಣ ಹೋಗುವುದು ಟ್ಯಾಂಕಿಗೆ.

ಕಡೆಯದಾಗಿ ಒಂದು ಮಾತು, ಎಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ. ಪ್ರಾಜೆಕ್ಟಿನ ಬ್ರಾಕೆಟ್ಟೋ ಸೈಕಲ್ ಬಿಡಿಭಾಗವೋ ಮನೆಯಲ್ಲೇ ಬೇಯಿಸೋಣ ಎಂದು ಅಮ್ಮನ ಕೇಕ್ ಓವನ್ನಿಗೆ ಕೈ ಹಾಕಬೇಡಿ. ಕೆಲವು ಪಾಲಿಯೆಸ್ಟರ್ ಪೌಡರಿನ ಗಟ್ಟಿಕಾರಕ ವಂಶವಾಹಿಗಳಿಗೇ ಹಾನಿ ಮಾಡಬಲ್ಲದ್ದು, ಬೇಯುವಾಗಿನ ಹಬೆ ಓವನ್ನಿನ ಗೋಡೆಗೆ ಕೂತರೆ ತೊಳೆದರೂ ಪೂರ್ತಿ ಹೋಗದು. ಗೋಕುಲ ರಸ್ತೆಗೆ ಒಯ್ದು ಕೊಟ್ಟರೆ ದೊಡ್ಡ ಟ್ರಾಲಿಯ ಮೂಲೆಯಲ್ಲಿ ನಿಮ್ಮ ಬ್ರಾಕೆಟ್ಟಿಗೂ ಒಂದು ಹುಕ್ಕು ಸಿಗುತ್ತದೆ. ಈಗಾಗಲೇ ಮನೆಯ ಓವನ್ನಿನಲ್ಲಿ ಪೌಡರ್ ಬೇಯಿಸಿದ್ದರೆ, ಅದರಲ್ಲಿ ಮತ್ತೆ ಅಡುಗೆ ಮಾಡಬೇಡಿ.